ಟ್ಯೂಬಿಂಗನ್ ಎಂಬ ಕೋಟೆ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯಲ್ಲಿ ನನಗೆ ಇಷ್ಟದ ಊರು ಟ್ಯೂಬಿಂಗನ್ ಅಂದ ಕೂಡಲೇ ನೆಂಟರು, ಗೆಳೆಯರು, ಅಲ್ಲಿಗೆ ಓದಲು ಹೊರಟ ಹುಡುಗ ಹುಡುಗಿಯರು ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ಏನು ಮಾಡೋದು, ಕೆಲವು ವಿಷಯ ಬಂದರೆ ನನಗೆ ನಿಲ್ಲಿಸೋಕೆ ಬರಲ್ಲ.

ಈ ಊರು ಎಲ್ಲಿದೆ? ಎಷ್ಟು ದೊಡ್ಡದು?

ದಕ್ಷಿಣ ಜರ್ಮನಿಯಲ್ಲಿ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಜನ ಸುಮಾರು 90 ಸಾವಿರ, ಅಂದರೆ ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ವಿಶ್ವವಿದ್ಯಾಲಯದಲ್ಲಿ ಓದುವವರೇ 28 ಸಾವಿರದ ಹತ್ತಿರ ಇದ್ದಾರೆ, ಹಾಗಾಗಿ ಬೀದಿಯಲ್ಲಿ ಎದುರಾಗುವ ಮುಖಗಳಲ್ಲಿ ಎಳೆಯವೇ ಜಾಸ್ತಿ.

ಹಳೆ ಊರಂತೂ ಪುಟ್ಟದು. ದಕ್ಷಿಣಕ್ಕೆ ನೆಕ್ಕರ್ ನದಿ, ಉತ್ತರಕ್ಕೆ ಅಮ್ಮರ್ ಅನ್ನುವ ಸಣ್ಣ ಹೊಳೆ, ನಡುವೆ ಎರಡು ಗುಡ್ಡ. ಆ ಎರಡು ಗುಡ್ಡ ಸೇರುವ ತಗ್ಗಿನಲ್ಲಿ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿವೆ. ಪಡುವಣ ಗುಡ್ಡದ ತುದಿಯಲ್ಲಿ ಕೋಟೆ. ಊರಿನ ಯಾವ ಸಂದಿಯಿಂದ ತಲೆ ಎತ್ತಿದರೂ ಕೋಟೆಯ ಒಂದು ತುಂಡಾದರೂ ಕಾಣುತ್ತದೆ.

ಹೆಸರನ್ನು ಹೇಗೆ ಹೇಳಬೇಕು?

ಟ್ಯೂಬಿಂಗನ್ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಊರಿನ ಹಳಬರು ತಮ್ಮ ಶ್ವೇಬಿಶ್ ಆಡುನುಡಿಯಲ್ಲಿ 'ಡೀಬೆಂಗ' ಅನ್ನುತ್ತಾರೆ. ನೀವು ಹಾಗೆ ಹೇಳೋಕೆ ಹೋಗಬೇಡಿ, ನಗುತ್ತಾರೆ.

ಫೋಟೋದಲ್ಲಿ ಬೆಟ್ಟದ ಮೇಲೆ ಗೋಪುರಗಳಿರುವ ಕನಸಿನಂಥ ಅರಮನೆ ನೋಡಿದ್ದೆ, ಅದು ಇದೇನಾ?

ಅಲ್ಲ. ನೀವು ನೋಡಿದ್ದು ಬಹುಶಃ ಹೊಹೆನ್‌ಜೊಲ್ಲರ್ನ್. ಅದು ಇಲ್ಲಿಂದ ದಕ್ಷಿಣಕ್ಕೆ, ಹೆಖಿಂಗನ್ ಊರಿನ ಹತ್ತಿರ ಇದೆ. ಇಲ್ಲವಾದರೆ ಬವೇರಿಯಾದ ನೋಯ್‌ಶ್ವಾನ್‌ಸ್ಟೈನ್ ಇರಬೇಕು. ಅವೆರಡೂ ಈಗಿರುವ ರೂಪದಲ್ಲಿ 19ನೇ ಶತಮಾನದವು, ಹಳೆಯ ಕಾಲದ ಹಾಗೆ ಕಾಣಲಿ ಅಂತ ಕಟ್ಟಿದವು.

ಟ್ಯೂಬಿಂಗನ್ನಿನದು ಹಾಗೆ ಥಳಕುಬಳುಕಿನದಲ್ಲ. ಹೆಸರು 'ಶ್ಲಾಸ್ ಹೊಹೆನ್‌ಟ್ಯೂಬಿಂಗನ್'. ಜರ್ಮನ್‌ನಲ್ಲಿ ಬುರ್ಗ್ ಅಂದರೆ ಕಾದಾಡುವ ಕೋಟೆ, ಶ್ಲಾಸ್ ಅಂದರೆ ದೊರೆಯ ಅರಮನೆ. ಇದಕ್ಕೆ ಶ್ಲಾಸ್ ಅಂತ ಹೆಸರಿದ್ದರೂ ಹೊರಗಿನಿಂದ ನೋಡಿದರೆ ದಪ್ಪ ಗೋಡೆಯ, ಮೂಲೆಗೊಂದು ಬತೇರಿ ಇರುವ ಕೋಟೆಯೇ. ಒಳಗೆ ಹೋದರೆ ನಾಲ್ಕು ಕಡೆ ಕಟ್ಟಡ, ನಡುವೆ ಕಲ್ಲು ಹಾಸಿದ ಅಂಗಳ, ನಮ್ಮ ತೊಟ್ಟಿಮನೆಯ ಹಾಗೆ. ಅಂಗಳಕ್ಕೆ ಟಿಕೆಟ್ ಇಲ್ಲ. ಸುಮ್ನೆ ಒಳಗೆ ಹೋಗಿ ಕೂರಬಹುದು.

ಮೊದಲ ಸಲ ನೋಡಿದಾಗ ನನಗೂ 'ಇಷ್ಟೇನಾ' ಅನ್ನಿಸಿತ್ತು. ಸಿಂಹಾಸನ ಇಲ್ಲ, ಚಿನ್ನದ ಕೋಣೆ ಇಲ್ಲ, ಗೊಂಚಲು ದೀಪ ಇಲ್ಲ. ಒಂದು ಬಾಗಿಲ ಮೇಲೆ ಯಾವುದೋ ವಿಭಾಗದ ಬೋರ್ಡು, ಇನ್ನೊಂದರಲ್ಲಿ ಚೀಲ ಹಾಕಿಕೊಂಡು ಕ್ಲಾಸಿಗೆ ಓಡುವ ಹುಡುಗಿ. ಆಮೇಲೆ ಗೊತ್ತಾಯಿತು, ಈ ಕೋಟೆಯ ವಿಶೇಷವೇ ಅದು. ಇಲ್ಲಿ ದೊರೆಗಳು ಮಾಡಿದ್ದಕ್ಕಿಂತ ಅವರು ಬಿಟ್ಟುಹೋದ ಮೇಲೆ ಆದ ಕೆಲಸ ದೊಡ್ಡದು.

ಕೋಟೆ ಎಷ್ಟು ಹಳೆಯದು? ಯಾರು ಕಟ್ಟಿಸಿದರು?

ಬರಹದಲ್ಲಿ ಮೊದಲು ಸಿಗುವುದು 1078ರಲ್ಲಿ, ನಾಲ್ಕನೇ ಹೈನ್‌ರಿಖ್ ದೊರೆ ಇದಕ್ಕೆ ಮುತ್ತಿಗೆ ಹಾಕಿದ ಸಂದರ್ಭದಲ್ಲಿ. ಆಗ ಇಲ್ಲಿನ ಕೌಂಟ್‌ಗಳ ಕೈಯಲ್ಲಿತ್ತು. ಮುಂದೆ ಅವರಿಗೆ 'ಫಾಲ್ಟ್ಸ್‌ಗ್ರಾಫ್' ಅನ್ನುವ ದೊಡ್ಡ ಪದವಿಯೂ ಸಿಕ್ಕಿತು. ಪದವಿ ದೊಡ್ಡದಾದರೂ ಕೈಯಲ್ಲಿ ಕಾಸು ನಿಲ್ಲಲಿಲ್ಲ. 1342ರಲ್ಲಿ ಕೋಟೆ, ಊರು ಎರಡನ್ನೂ ಪಕ್ಕದ ವ್ಯುರ್ಟೆಂಬರ್ಗ್ ಮನೆತನಕ್ಕೆ ಮಾರಿಬಿಟ್ಟರು. ಯುದ್ಧದಲ್ಲಿ ಸೋತು ಕಳೆದುಕೊಂಡದ್ದಲ್ಲ, ಸೈಟು ಮಾರಿದ ಹಾಗೆ ಮಾರಿದ್ದು.

ಈಗ ಕಾಣುವ ಕಟ್ಟಡ ಬಹುಪಾಲು 16ನೇ ಶತಮಾನದ್ದು. ಉಲ್‌ರಿಖ್ ಅನ್ನುವ ಡ್ಯೂಕ್ 1507ರಿಂದ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಿಸಲು ಶುರು ಮಾಡಿದ. ಕೆಳಗಿನ ಹೆಬ್ಬಾಗಿಲು ಇನ್ನೂ ನೂರು ವರ್ಷ ಈಚಿನದು. ಅದನ್ನು ಕಟ್ಟಿಸಿದ ಡ್ಯೂಕ್ ಫ್ರೀಡ್‌ರಿಖ್‌ಗೆ ಇಂಗ್ಲೆಂಡಿನ ಗಾರ್ಟರ್ ಅನ್ನುವ ನೈಟ್ ಬಿರುದಿನ ಮೇಲೆ ಎಂಥ ಆಸೆ ಅಂದರೆ, ಎಲಿಜಬೆತ್ ರಾಣಿಗೆ ವರ್ಷಗಟ್ಟಲೆ ದುಂಬಾಲು ಬಿದ್ದಿದ್ದ. ಸಿಕ್ಕ ಮೇಲೆ ಬಿಡುತ್ತಾನಾ? ಬಾಗಿಲ ನೆತ್ತಿಯ ಮೇಲೆ ತನ್ನ ಲಾಂಛನದ ಸುತ್ತ ಆ ಗಾರ್ಟರ್ ಪಟ್ಟಿಯನ್ನೇ ಕೆತ್ತಿಸಿದ. ಇವತ್ತಿಗೂ ಅಲ್ಲೇ ಇದೆ, ಒಳಗೆ ಹೋಗುವಾಗ ತಲೆ ಎತ್ತಿ ನೋಡಿ.

ಮೂಲೆಯ ಬತೇರಿಗಳಲ್ಲಿ ಆಗ್ನೇಯದ್ದು ಮಾತ್ರ ದುಂಡಗಿಲ್ಲ, ಐದು ಮೂಲೆಯದು. ಮೂವತ್ತು ವರ್ಷದ ಯುದ್ಧದ ಕೊನೆಯಲ್ಲಿ, 1647ರಲ್ಲಿ, ಫ್ರೆಂಚ್ ಸೈನಿಕರು ಸುರಂಗ ಕೊರೆದು ಹಳೆಯ ಬತೇರಿಯನ್ನು ಸಿಡಿಸಿದರು. ಆಮೇಲೆ ಕಟ್ಟಿದ್ದು ಇದು.

1514ರ ಒಪ್ಪಂದ ಅಂತ ಎಲ್ಲಾ ಕಡೆ ಬರೆದಿರುತ್ತದಲ್ಲ, ಏನದು?

ಇದು ಒಳ್ಳೆಯ ಕತೆ. ಮೇಲೆ ಹೇಳಿದ ಉಲ್‌ರಿಖ್ ಡ್ಯೂಕ್ ಮಹಾ ದುಂದುಗಾರ. ಸಾಲ ಮೈಮೇಲೆ ಬಂದಾಗ ಅವನ ಸರ್ಕಾರ ಒಂದು ಉಪಾಯ ಹೂಡಿತು: ತೂಕದ ಕಲ್ಲನ್ನೇ ಹಗುರ ಮಾಡುವುದು. ಬೆಲೆ ಅಷ್ಟೇ, ಮಾಂಸ ಮಾತ್ರ ಕಡಿಮೆ, ಉಳಿದದ್ದು ಡ್ಯೂಕನ ಪಾಲು. ಬಾಯ್ಟೆಲ್ಸ್‌ಬಾಖ್ ಅನ್ನುವ ಹಳ್ಳಿಯಲ್ಲಿ ಪೀಟರ್ ಗೈಸ್ ಅನ್ನುವವನು ಹೊಸ ತೂಕದ ಕಲ್ಲುಗಳನ್ನು ಹೊಳೆಗೆ ಎಸೆದ. ತೇಲಿದರೆ ಡ್ಯೂಕ್ ಹೇಳಿದ್ದು ಸರಿ, ಮುಳುಗಿದರೆ ರೈತರದ್ದು ಸರಿ ಅಂತ. ಮುಳುಗದೆ ಇನ್ನೇನು? ಅಲ್ಲಿಂದ 'ಬಡ ಕೊನ್ರಾಡ್' ಅನ್ನುವ ರೈತರ ದಂಗೆ ಹಬ್ಬಿತು.

ಡ್ಯೂಕ್ ಟ್ಯೂಬಿಂಗನ್ನಿನಲ್ಲಿ ಪಟ್ಟಣದ ದೊಡ್ಡವರನ್ನು ಕೂರಿಸಿಕೊಂಡು ಮಾತಾಡಿದ. ನನ್ನ ಸಾಲ ನೀವು ತೀರಿಸಿ, ನಿಮಗೆ ಹಕ್ಕು ಕೊಡುತ್ತೇನೆ ಅಂದ. ವಿಚಾರಣೆ ಇಲ್ಲದೆ ಯಾರಿಗೂ ಶಿಕ್ಷೆ ಇಲ್ಲ, ನಾಡು ಬಿಟ್ಟು ಹೋಗಬೇಕೆಂದವರು ಹೋಗಬಹುದು, ತೆರಿಗೆ ಮತ್ತು ಯುದ್ಧದ ಬಗ್ಗೆ ನಿಮ್ಮ ಮಾತು ಕೇಳುತ್ತೇನೆ, ಹೀಗೆ. ಇದನ್ನು ವ್ಯುರ್ಟೆಂಬರ್ಗಿನ ಮೊದಲ ಸಂವಿಧಾನದ ಹಾಗೆ ಕೊಂಡಾಡುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹಕ್ಕು ಸಿಕ್ಕಿದ್ದು ಪಟ್ಟಣದ ಸಿರಿವಂತರಿಗೆ. ಕಲ್ಲು ಎಸೆದ ರೈತರ ದಂಗೆಯನ್ನು ಅದೇ ಬೇಸಿಗೆಯಲ್ಲಿ ತುಳಿದು ಹಾಕಿದರು.

ವಿಶ್ವವಿದ್ಯಾಲಯ ಇಷ್ಟು ಸಣ್ಣ ಊರಿಗೆ ಹೇಗೆ ಬಂತು?

1477ರಲ್ಲಿ ಎಬರ್‌ಹಾರ್ಡ್ ಅನ್ನುವ ಕೌಂಟ್ ಸ್ಥಾಪಿಸಿದ. ಉದ್ದ ಗಡ್ಡ ಇತ್ತು, ಹಾಗಾಗಿ ಇತಿಹಾಸದಲ್ಲೂ ಅವನ ಹೆಸರು 'ಗಡ್ಡದ ಎಬರ್‌ಹಾರ್ಡ್' ಅಂತಲೇ. ಅವನ ತಾಯಿ ಮೆಖ್ಟಿಲ್ಡ್ ಓದಿನ ಮೇಲೆ ತುಂಬ ಆಸೆ ಇದ್ದ ಹೆಂಗಸು, ಅವಳ ಒತ್ತಾಸೆ ಇದರ ಹಿಂದೆ ಇತ್ತು. ಅವನ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ 'ಅಟ್ಟೆಂಪ್ಟೊ', ಅಂದರೆ 'ಕೈ ಹಾಕುತ್ತೇನೆ, ಆದದ್ದಾಗಲಿ'. ಕೆಲವು ಸಾವಿರ ಜನರಿದ್ದ ಊರಿಗೆ ವಿಶ್ವವಿದ್ಯಾಲಯ ತರುವುದಕ್ಕೆ ಆ ಧೈರ್ಯ ಬೇಕಿತ್ತು ಬಿಡಿ.

ಅದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತು. ಅದೇ 1477ರಲ್ಲಿ ಅದೇ ಎಬರ್‌ಹಾರ್ಡ್ ಊರಿನ ಯಹೂದಿಗಳನ್ನು ಓಡಿಸಿದ. ಅವರಿದ್ದ ಬೀದಿಗೆ ಇವತ್ತಿಗೂ 'ಯೂಡನ್‌ಗಾಸೆ' ಅಂತಲೇ ಹೆಸರು.

ಊರಲ್ಲಿ ಒಂದು ಮಾತಿದೆ: ಟ್ಯೂಬಿಂಗನ್ನಿನಲ್ಲಿ ವಿಶ್ವವಿದ್ಯಾಲಯ ಇಲ್ಲ, ಟ್ಯೂಬಿಂಗನ್ನೇ ವಿಶ್ವವಿದ್ಯಾಲಯ. ಹಿಂದೆ ವಿದ್ಯಾರ್ಥಿಗಳು ತಪ್ಪು ಮಾಡಿದರೆ ಊರಿನ ಪೊಲೀಸರಿಗೂ ಮುಟ್ಟುವ ಹಕ್ಕಿರಲಿಲ್ಲ. ವಿಶ್ವವಿದ್ಯಾಲಯದ್ದೇ ಜೈಲು ಇತ್ತು, 1515ರಷ್ಟು ಹಳೆಯದು. ಕುಡಿದು ಗಲಾಟೆ ಮಾಡಿದವರನ್ನು ಅದರಲ್ಲಿ ಕೂಡಿಹಾಕುತ್ತಿದ್ದರು. ಮ್ಯುಂಟ್ಸ್‌ಗಾಸೆ ಅನ್ನುವ ಬೀದಿಯಲ್ಲಿ ಅದು ಇನ್ನೂ ಉಳಿದಿದೆ.

ಡಿಎನ್‌ಎ ಸಿಕ್ಕಿದ್ದು ಈ ಕೋಟೆಯ ಅಡುಗೆಮನೆಯಲ್ಲಿ ಅಂತಾರಲ್ಲ, ನಿಜವಾ?

ನಿಜ. ಮತ್ತು ನನ್ನನ್ನು ಕೇಳಿದರೆ ಇಡೀ ಊರಲ್ಲಿ ನೋಡಲೇಬೇಕಾದ ಜಾಗ ಅದೇ.

1816ರಲ್ಲಿ ವ್ಯುರ್ಟೆಂಬರ್ಗಿನ ರಾಜ ಈ ಕೋಟೆಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟ. ಅವನಿಗೆ ಬೇಡವಾಗಿತ್ತು, ಇವರಿಗೆ ಜಾಗ ಇರಲಿಲ್ಲ. ಪಡಸಾಲೆಯಂಥ ದೊಡ್ಡ ವೀರರ ಹಾಲ್‌ನಲ್ಲಿ ಪುಸ್ತಕ ಜೋಡಿಸಿ ಲೈಬ್ರರಿ ಮಾಡಿದರು. ಈಶಾನ್ಯದ ಬತೇರಿಯಲ್ಲಿ ಅದಾಗಲೇ ನಕ್ಷತ್ರ ನೋಡುವ ದೂರದರ್ಶಕ ಇತ್ತು. ಬೊನೆನ್‌ಬರ್ಗರ್ ಅನ್ನುವ ಪ್ರೊಫೆಸರ್ 1818ರಲ್ಲಿ ಇಡೀ ವ್ಯುರ್ಟೆಂಬರ್ಗಿನ ಸರ್ವೆ ಶುರು ಮಾಡಿದಾಗ ಆ ಬತೇರಿಯನ್ನೇ ಸೊನ್ನೆ ಬಿಂದು ಮಾಡಿಕೊಂಡ. ಅಲ್ಲಿನ ರೈತರ ಹೊಲದ ಹಳೆ ನಕ್ಷೆಗಳೆಲ್ಲ ಈ ಕೋಟೆಯಿಂದ ಅಳೆದವು. ಅಡುಗೆಮನೆ ಖಾಲಿ ಇತ್ತು, ನೀರು, ಒಲೆ, ಹೊಗೆ ಹೋಗುವ ದಾರಿ ಎಲ್ಲಾ ಇತ್ತು. ರಸಾಯನಶಾಸ್ತ್ರದವರಿಗೆ ಬೇಕಾದದ್ದೂ ಅದೇ ತಾನೇ.

1860ರ ದಶಕದಲ್ಲಿ ಅಲ್ಲಿ ಹೊಪ್ಪೆ-ಸೈಲರ್ ಅನ್ನುವವರು ರಕ್ತದ ಮೇಲೆ ಕೆಲಸ ಮಾಡುತ್ತಿದ್ದರು. ಹಿಮೋಗ್ಲೋಬಿನ್ ಅನ್ನುವ ಹೆಸರು ಇಟ್ಟವರು ಅವರೇ. ನಿಮ್ಮ ಬ್ಲಡ್ ರಿಪೋರ್ಟಿನ ಎಚ್‌ಬಿ ಇದೆಯಲ್ಲ, ಅದು. ಅವರ ಹತ್ತಿರ ಕಲಿಯಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಫ್ರೀಡ್‌ರಿಖ್ ಮೀಶರ್ ಅನ್ನುವ ಯುವಕ ಬಂದ. ಡಾಕ್ಟರಿಕೆ ಓದಿದವನು, ಆದರೆ ಕಿವಿ ಸ್ವಲ್ಪ ಮಂದ, ಹಾಗಾಗಿ ರೋಗಿಗಳನ್ನು ನೋಡುವ ಕೆಲಸ ಬೇಡ ಅಂದುಕೊಂಡವನು.

ಅವನಿಗೆ ಜೀವಕೋಶದ ಒಳಗೆ ಏನಿದೆ ಅಂತ ತಿಳಿಯಬೇಕಿತ್ತು. ಅದಕ್ಕೆ ಬಿಳಿ ರಕ್ತಕಣ ಬೇಕು. ಎಲ್ಲಿ ಸಿಗುತ್ತದೆ? ಊರಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಸಾಡಿದ ಬ್ಯಾಂಡೇಜಿನಲ್ಲಿ. ಕೀವು ಅಂದರೆ ಬಹುಪಾಲು ಬಿಳಿ ರಕ್ತಕಣವೇ. ಕೀವು ಮೆತ್ತಿದ ಬಟ್ಟೆ ತರಿಸಿ, ತೊಳೆದು, ಕಣ ಬೇರ್ಪಡಿಸಿ, ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಹಾಕಿ ಪ್ರೋಟೀನ್ ಕರಗಿಸಿ ನೋಡಿದ. 1869ರಲ್ಲಿ ಕೋಶದ ನಡುವಿನ ನ್ಯೂಕ್ಲಿಯಸ್‌ನಿಂದ ಒಂದು ವಸ್ತು ಸಿಕ್ಕಿತು. ಪ್ರೋಟೀನ್ ಅಲ್ಲ, ರಂಜಕ ತುಂಬ ಇದೆ. ಅದಕ್ಕೆ 'ನ್ಯೂಕ್ಲೀನ್' ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ಗುರುಗಳಿಗೆ ನಂಬಿಕೆ ಬರಲಿಲ್ಲ, ತಾವೇ ಕೂತು ಎಲ್ಲವನ್ನೂ ಮತ್ತೆ ಮಾಡಿ ನೋಡಿದರು, ಹಾಗಾಗಿ ಲೇಖನ ಅಚ್ಚಾಗಿದ್ದು 1871ರಲ್ಲಿ. ಅದು ವಂಶದ ಗುಣ ಹೊತ್ತು ತರುವ ವಸ್ತು ಅಂತ ಸಾಬೀತಾಗುವ ಹೊತ್ತಿಗೆ ಮೀಶರ್ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು.

ಈಗ ಆ ಅಡುಗೆಮನೆ ಚಿಕ್ಕ ಮ್ಯೂಸಿಯಂ. ಕಮಾನಿನ ಚಾವಣಿ, ತಣ್ಣನೆ ಗೋಡೆ. ನಿಂತು ನೋಡುವಾಗ ನನಗೆ ಅನ್ನಿಸಿದ್ದು ಒಂದೇ, ಅಡುಗೆಮನೆ ಕೆಲಸಕ್ಕೆ ಬೆಲೆ ಇಲ್ಲ ಅನ್ನುವವರನ್ನು ಇಲ್ಲಿಗೆ ಕರಕೊಂಡು ಬರಬೇಕು.

ಕೋಟೆಯಲ್ಲಿ ಇನ್ನೇನು ನೋಡಬಹುದು?

ಪುರಾತನ ಸಂಸ್ಕೃತಿಗಳ ಮ್ಯೂಸಿಯಂ ಇದೆ. ಅಲ್ಲಿ ಒಂದು ಪುಟ್ಟ ಕುದುರೆ ನೋಡಿ, ಬೆರಳಷ್ಟು ಉದ್ದ ಕೂಡ ಇಲ್ಲ. ಆನೆಯ ಸಂಬಂಧಿ, ಈಗ ಅಳಿದುಹೋಗಿರುವ ಮ್ಯಾಮತ್‌ನ ದಂತದಲ್ಲಿ ಕೆತ್ತಿದ್ದು, ಹತ್ತಿರ ಹತ್ತಿರ 40 ಸಾವಿರ ವರ್ಷ ಹಳೆಯದು. 1931ರಲ್ಲಿ ಫೋಗೆಲ್‌ಹೆರ್ಡ್ ಅನ್ನುವ ಗುಹೆಯಲ್ಲಿ ಸಿಕ್ಕಿತು. ಆ ಸುತ್ತಿನ ಗುಹೆಗಳು 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಕುತ್ತಿಗೆ ಬಾಗಿಸಿದ ರೀತಿ ನೋಡಿದರೆ ಕೆತ್ತಿದವನಿಗೆ ಕುದುರೆಯ ಸ್ವಭಾವ ಗೊತ್ತಿತ್ತು ಅಂತ ತಿಳಿಯುತ್ತದೆ. ಈಜಿಪ್ಟಿನಿಂದ ತಂದ ಇಡೀ ಒಂದು ಸಮಾಧಿ ಕೋಣೆಯೂ ಇದೆ. ಎಲ್ಲಾ ದಿನ ತೆರೆದಿರುವುದಿಲ್ಲ, ಸಮಯ ನೋಡಿಕೊಂಡು ಹೋಗಿ.

ಮೇಲೂರು, ಕೆಳಗೂರು ಅಂತಾರೆ. ಏನು ವ್ಯತ್ಯಾಸ?

ಇದು ಅರ್ಥವಾದರೆ ಊರು ಅರ್ಥವಾದ ಹಾಗೆ. ಮೇಲೂರಿನಲ್ಲಿ ಕೋಟೆ, ಚರ್ಚು, ವಿಶ್ವವಿದ್ಯಾಲಯ, ಪ್ರೊಫೆಸರುಗಳ ಮನೆ. ಕೆಳಗೂರು ಅಮ್ಮರ್ ಹೊಳೆಯ ಕಡೆ, ಅಲ್ಲಿದ್ದವರು ದ್ರಾಕ್ಷಿ ಬೆಳೆಯುವ ಬಡ ರೈತರು. ಮನೆಯ ಕೆಳಗೆ ಕೊಟ್ಟಿಗೆ, ಬಾಗಿಲ ಮುಂದೆ ತಿಪ್ಪೆ. ಅವರಿಗೆ 'ಗೋಗನ್' ಅಂತ ಹೆಸರು. ಬಾಯಿ ಒರಟು, ಮಾತು ಹರಿತ, ಪ್ರೊಫೆಸರನ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುವವರು. ಗೋಗನ್ ಜೋಕು ಅನ್ನುವ ಒಂದು ಜಾತಿಯ ಜೋಕೇ ಇದೆ, ಬಹುಪಾಲು ಇಲ್ಲಿ ಬರೆಯುವಂಥದ್ದಲ್ಲ.

ವಿದ್ಯಾರ್ಥಿಗಳೂ ಕಡಿಮೆ ಇರಲಿಲ್ಲ. ಕಪ್ಪು ಕಾಡಿನಿಂದ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ನೆಕ್ಕರ್‌ನಲ್ಲಿ ತೇಲಿಸಿಕೊಂಡು ಬರುವವರಿದ್ದರು. ಅವರು ಊರ ಮುಂದೆ ಹಾದಾಗ ಹುಡುಗರು ಕಿಟಕಿಯಲ್ಲಿ ನಿಂತು 'ಯೊಕೆಲೆ, ಬ್ರೇಕ್ ಹಾಕೋ' ಅನ್ನುವ ಅರ್ಥದಲ್ಲಿ ಕೂಗಿ ರೇಗಿಸುತ್ತಿದ್ದರು. ತೆಪ್ಪದಿಂದ ಬರುತ್ತಿದ್ದ ಬೈಗುಳದ ಸರಮಾಲೆ ಕೇಳುವುದೇ ಆಟ. 1899ರಲ್ಲಿ ತೆಪ್ಪದ ವ್ಯಾಪಾರ ನಿಂತಿತು, ಆಟವೂ ಮುಗಿಯಿತು.

ಈಗ ಕೆಳಗೂರಿನ ಕೊಟ್ಟಿಗೆಗಳೆಲ್ಲ ಕೆಫೆ, ಬಾಡಿಗೆ ರೂಮು ಆಗಿವೆ. ಬಾಡಿಗೆ ಕೇಳಿದರೆ ಗೋಗನ್‌ಗಳ ಬೈಗುಳ ನಿಮ್ಮ ಬಾಯಲ್ಲೂ ಬರುತ್ತದೆ.

ನದಿ ದಡದ ಆ ಹಳದಿ ಗೋಪುರ ಯಾವುದು?

ಹ್ಯೋಲ್ಡರ್ಲಿನ್ ಅನ್ನುವ ಕವಿ ಇದ್ದ ಮನೆ. ಅವನು ಇದೇ ಊರಲ್ಲಿ ಓದಿದವನು. ದೊಡ್ಡವನಾದ ಮೇಲೆ ಮನಸ್ಸು ಕೆಟ್ಟು, 1806ರಲ್ಲಿ ಇಲ್ಲಿನ ಆಸ್ಪತ್ರೆಗೆ ತಂದರು. ಗುಣವಾಗಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕುತ್ತಾನೆ ಅಂದರು ಡಾಕ್ಟರು. ಆಗ ಅವನನ್ನು ಮನೆಗೆ ಕರೆದುಕೊಂಡು ಹೋದವನು ಯಾವ ಪ್ರೊಫೆಸರೂ ಅಲ್ಲ, ಎರ್ನ್‌ಸ್ಟ್ ತ್ಸಿಮ್ಮರ್ ಅನ್ನುವ ಬಡಗಿ. ಕವಿಯ ಕಾದಂಬರಿ ಓದಿ ಮೆಚ್ಚಿದ್ದ, ಅಷ್ಟೇ ಸಂಬಂಧ.

ಮೂರು ವರ್ಷ ಅಂದದ್ದು 36 ವರ್ಷ ಆಯಿತು. 1843ರಲ್ಲಿ ಸಾಯುವವರೆಗೂ ಆ ಗೋಪುರದ ಕೋಣೆಯಲ್ಲೇ ಇದ್ದ. ಬಡಗಿ ಮೊದಲು ತೀರಿಕೊಂಡ, ಆಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಯಾರಾದರೂ ನೋಡಲು ಬಂದರೆ ಪದ್ಯ ಬರೆದುಕೊಡುತ್ತಿದ್ದ, ಕೆಳಗೆ 'ಸ್ಕಾರ್ಡನೆಲ್ಲಿ' ಅಂತ ಬೇರೆಯೇ ಹೆಸರು, ನೂರಾರು ವರ್ಷ ಹಿಂದುಮುಂದಿನ ತಾರೀಖು. ಈಗಿರುವ ಗೋಪುರ 1875ರ ಬೆಂಕಿಯ ನಂತರ ಕಟ್ಟಿದ್ದು. ಜನ ಕವಿಯ ಹೆಸರು ಹೇಳುತ್ತಾರೆ. ನನಗೆ ಆ ಬಡಗಿಯದ್ದೇ ನೆನಪಾಗುತ್ತದೆ.

ಇಲ್ಲಿ ಓದಿದ ದೊಡ್ಡವರು ಇನ್ಯಾರು?

ಪಟ್ಟಿ ಉದ್ದ ಇದೆ, ಚುಟುಕಾಗಿ ಹೇಳುತ್ತೇನೆ. 'ಸ್ಟಿಫ್ಟ್' ಅನ್ನುವ ಪಾದ್ರಿಗಳ ವಿದ್ಯಾರ್ಥಿನಿಲಯ 1536ರಲ್ಲಿ ಶುರುವಾಯಿತು. ಬಡವರ ಮಕ್ಕಳಿಗೂ ಊಟ, ವಸತಿ, ಓದು ಎಲ್ಲಾ ಪುಕ್ಕಟೆ. ನಮ್ಮ ಮಠಗಳ ಉಚಿತ ಹಾಸ್ಟೆಲ್ ನೆನಪಿಗೆ ಬರುತ್ತದೆ, ಅಲ್ವಾ? ಗ್ರಹಗಳ ಚಲನೆಯ ನಿಯಮ ಕಂಡುಕೊಂಡ ಕೆಪ್ಲರ್ ಅಲ್ಲಿದ್ದವನು. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹ್ಯೋಲ್ಡರ್ಲಿನ್ ಮೂವರೂ ಒಂದು ಕಾಲದಲ್ಲಿ ರೂಮ್‌ಮೇಟ್‌ಗಳು.

ಹೀಬ್ರೂ ಕಲಿಸುತ್ತಿದ್ದ ವಿಲ್‌ಹೆಲ್ಮ್ ಶಿಕಾರ್ಡ್ 1623ರಲ್ಲಿ ಕೂಡುವ, ಕಳೆಯುವ ಯಂತ್ರ ಮಾಡಿ ಅದರ ಬಗ್ಗೆ ಕೆಪ್ಲರ್‌ಗೆ ಕಾಗದ ಬರೆದ. ಅವನಿಗೆಂದು ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಬೆಂಕಿಗೆ ಹೋಯಿತು, ಶಿಕಾರ್ಡ್ ಪ್ಲೇಗಿಗೆ ಹೋದ. ಅಲ್ಸೈಮರ್ ಅನ್ನುವ ಡಾಕ್ಟರ್ ಇಲ್ಲಿ ಓದಿದ್ದರಿಂದಲ್ಲ, ಒಂದು ಭಾಷಣದಿಂದ ನೆನಪಾಗುತ್ತಾನೆ. 1906ರ ನವೆಂಬರ್‌ನಲ್ಲಿ ಮನೋವೈದ್ಯರ ಸಭೆಯೊಂದರಲ್ಲಿ ಆ ಮರೆವಿನ ರೋಗದ ಬಗ್ಗೆ ಮೊದಲು ಮಾತಾಡಿದ್ದು ಇಲ್ಲೇ. ಕೂತವರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ.

ಈ ಊರಿಗೂ ಕನ್ನಡಕ್ಕೂ ಏನಾದರೂ ನಂಟಿದೆಯಾ?

ಇದೆ, ಗಟ್ಟಿಯಾಗೇ ಇದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ಓದಿದವರು. ಹಳೆಗನ್ನಡ, ನಡುಗನ್ನಡದ ಕಾವ್ಯ, ದಾಸರ ಪದ ಎಲ್ಲವನ್ನೂ ಹುಡುಕಿಸಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಈ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ, ಜರ್ಮನಿಯ ಒಂದು ಸಣ್ಣ ಊರಲ್ಲಿ, ಆ ಕಾಲದಲ್ಲಿ!

ಕಿಟೆಲ್ ಇಲ್ಲಿ ಓದಿದವರಲ್ಲ, ಬಾಸೆಲ್‌ನಲ್ಲಿ ತರಬೇತಿ ಪಡೆದವರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ದಶಕಗಟ್ಟಲೆ ಸುತ್ತಿ, ಸುಮಾರು 70 ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಹೊರತಂದರು. 1896ರಲ್ಲಿ ಟ್ಯೂಬಿಂಗನ್ ಅವರಿಗೂ ಡಾಕ್ಟರೇಟ್ ಕೊಟ್ಟಿತು. ಕೊನೆಯ ವರ್ಷಗಳನ್ನು ಅವರು ಇದೇ ಊರಲ್ಲಿ ಕಳೆದು, 1903ರ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು. ಕನ್ನಡ ವ್ಯಾಕರಣದ ಪುಸ್ತಕ ಬಂದದ್ದೂ ಅದೇ ವರ್ಷ.

ಮಲಯಾಳಂ ನಿಘಂಟಿನ ಗುಂಡರ್ಟ್ ಕೂಡ ಸ್ಟಿಫ್ಟ್‌ನ ವಿದ್ಯಾರ್ಥಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ ಹರ್ಮನ್ ಹೆಸ್ಸೆ, ಮುಂದೆ ನೊಬೆಲ್ ಪಡೆದ ಲೇಖಕ, 1895ರಿಂದ ನಾಲ್ಕು ವರ್ಷ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತ. ಗುಂಡರ್ಟರ ಕಾಗದಪತ್ರ, ಕೈಬರಹಗಳು ಇಲ್ಲಿನ ಲೈಬ್ರರಿಯಲ್ಲಿವೆ.

ಸಂಸ್ಕೃತದ ಕತೆಯೂ ಇದೆ. ರುಡಾಲ್ಫ್ ರೋಟ್ ಅನ್ನುವ ಪ್ರೊಫೆಸರ್ ಬೋಯ್ಟ್‌ಲಿಂಕ್ ಜೊತೆ ಸೇರಿ ಏಳು ಸಂಪುಟದ ಸಂಸ್ಕೃತ ನಿಘಂಟು ಮಾಡಿದರು. ಅವರೇ ಲೈಬ್ರರಿಯ ಮುಖ್ಯಸ್ಥರೂ ಆಗಿದ್ದರು. ಲೈಬ್ರರಿ ಆಗ ಇದ್ದದ್ದು ಈ ಕೋಟೆಯಲ್ಲೇ. ಕಾಶ್ಮೀರದ ಮಹಾರಾಜರ ಕಡೆಯಿಂದ ಬಂದ, ಭೂರ್ಜದ ತೊಗಟೆಯ ಮೇಲೆ ಬರೆದ ಅಥರ್ವವೇದದ ಪೈಪ್ಪಲಾದ ಶಾಖೆಯ ಪ್ರತಿ ರೋಟ್ ಅವರ ಕೈ ಸೇರಿತು. ಅದು ಇಂದಿಗೂ ಟ್ಯೂಬಿಂಗನ್ನಿನಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ ಊರು ಹೇಗೆ ಉಳಿಯಿತು?

ದೊಡ್ಡ ಕಾರ್ಖಾನೆ ಇರಲಿಲ್ಲ, ಗಾಯಾಳು ಸೈನಿಕರ ಆಸ್ಪತ್ರೆಗಳೇ ತುಂಬಿದ್ದವು. ನೆಕ್ಕರ್ ಸೇತುವೆಯ ಹತ್ತಿರ ಕೆಲವು ಬಾಂಬು ಬಿದ್ದು ಕೆಲವು ಮನೆ ಹೋದವು. 1945ರ ಏಪ್ರಿಲ್ 19ರಂದು ಫ್ರೆಂಚ್ ಸೈನ್ಯ ಬಂದಾಗ ಕಾದಾಟವಿಲ್ಲದೆ ಊರು ಕೈ ಬದಲಾಯಿತು. ಇದಕ್ಕಾಗಿ ಮೊದಲೇ ಮಾತುಕತೆ ನಡೆಸಿದವರು ಥಿಯೊಡೊರ್ ಡೋಬ್ಲರ್ ಎಂಬ ಸೈನ್ಯದ ಡಾಕ್ಟರ್.

ಕಲ್ಲು, ಮರ ಉಳಿದವು ಅಂದ ಮಾತ್ರಕ್ಕೆ ಎಲ್ಲಾ ಚೆನ್ನಾಗಿತ್ತು ಅಂತಲ್ಲ. 1938ರ ನವೆಂಬರ್‌ನಲ್ಲಿ ಗಾರ್ಟನ್‌ಸ್ಟ್ರಾಸೆ ಬೀದಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರವನ್ನು ನಾಜಿಗಳು ಸುಟ್ಟರು. ಅದು ಇದ್ದ ಜಾಗದಲ್ಲಿ ಈಗ ಒಂದು ಸ್ಮಾರಕ ಇದೆ, ಪ್ರವಾಸಿಗರು ಆ ಕಡೆ ಹೋಗುವುದು ಕಡಿಮೆ. ನೀವು ಹೋಗಿ.

ಉದ್ದ ಕೋಲಿನ ದೋಣಿ ಅಂತ ಫೋಟೋ ನೋಡಿದೆ. ಹತ್ತಬಹುದಾ?

ಹತ್ತಬಹುದು. 'ಶ್ಟೋಖರ್‌ಕಾನ್' ಅಂತ ಹೆಸರು, ಚಪ್ಪಟೆ ತಳದ ಉದ್ದ ದೋಣಿ. ಹಿಂದೆ ಒಬ್ಬರು ನಿಂತು ಉದ್ದ ಕೋಲನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ. ನಮ್ಮಲ್ಲಿ ಜಲ್ಲೆ ಹಾಕುವ ಹಾಗೆಯೇ. ನದಿ ನಡುವೆ ಒಂದು ಉದ್ದದ ದ್ವೀಪ, ಅದರ ತುಂಬ ಸುಮಾರು 200 ವರ್ಷದ ಪ್ಲೇನ್ ಮರಗಳ ಸಾಲು. ದೋಣಿ ಅದನ್ನು ಸುತ್ತಿ ಬರುತ್ತದೆ.

ಬೇಸಿಗೆಯ ಶುರುವಿನಲ್ಲಿ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿಗಳ ದೋಣಿ ಸ್ಪರ್ಧೆ. 1956ರಿಂದ ನಡೆಯುತ್ತಿದೆ. ಗೆದ್ದವರ ಬಗ್ಗೆ ಯಾರಿಗೂ ಅಷ್ಟು ಆಸಕ್ತಿ ಇಲ್ಲ, ಸೋತವರನ್ನು ನೋಡಲು ಜನ ಬರುತ್ತಾರೆ. ಯಾಕೆಂದರೆ ಕೊನೆಗೆ ಬಂದ ತಂಡ ಮೀನೆಣ್ಣೆ ಕುಡಿಯಬೇಕು. ಮುಂದಿನ ವರ್ಷದ ಸ್ಪರ್ಧೆಯನ್ನೂ ಅವರೇ ನಡೆಸಬೇಕು.

ಊಟಕ್ಕೆ ಏನು ಸಿಗುತ್ತದೆ? ಸಸ್ಯಾಹಾರಿಗಳ ಗತಿ?

ತೊಂದರೆ ಇಲ್ಲ, ವಿದ್ಯಾರ್ಥಿಗಳ ಊರು. ಆದರೆ ಊರಿನ ತಿನಿಸು ತಿನ್ನಿ. 'ಶ್ಪೆಟ್ಸ್ಲೆ' ಅಂದರೆ ಮೊಟ್ಟೆ ಹಾಕಿದ ಹಿಟ್ಟನ್ನು ಚಕ್ಕುಲಿ ಒರಳಿನಂಥದ್ದರಲ್ಲಿ ಕುದಿಯುವ ನೀರಿಗೆ ಒತ್ತಿ ಮಾಡುವುದು. ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿ ಕೊಟ್ಟರೆ ಸಸ್ಯಾಹಾರಿಗಳೂ ತಿನ್ನಬಹುದು, ಮೊಟ್ಟೆ ಆಗುತ್ತದೆ ಅಂದರೆ. ಬೇಳೆಯ ಜೊತೆಗೂ ಕೊಡುತ್ತಾರೆ, ಆಗ ಮೇಲೆ ಸಾಸೇಜ್ ಬರುತ್ತದೆ, ಬೇಡ ಅಂತ ಮೊದಲೇ ಹೇಳಿ.

'ಮೌಲ್ಟಾಶೆ' ಚೌಕದ ಕಡುಬು, ಒಳಗೆ ಮಾಂಸ, ಸೊಪ್ಪು. ಮಾಂಸ ತಿನ್ನಬಾರದ ಉಪವಾಸದ ದಿನ ದೇವರಿಗೆ ಕಾಣದಿರಲಿ ಅಂತ ಹಿಟ್ಟಿನೊಳಗೆ ಮುಚ್ಚಿದರಂತೆ. ಅದಕ್ಕೆ ಅಡ್ಡಹೆಸರು 'ದೇವರಿಗೆ ಟೋಪಿ ಹಾಕೋದು'. ಅಸಲು ಮಾತು ಇದಕ್ಕಿಂತ ಒರಟಾಗಿದೆ.

ಜನ ಹೇಗೆ? ಅಲ್ಲಿ ಇದ್ದು ಓದುವವರಿಗೆ ಏನು ಹೇಳುತ್ತೀರಿ?

ಶ್ವೇಬಿಶ್ ಜನಕ್ಕೆ ಜಿಪುಣರು ಅಂತ ಹೆಸರು. ಅವರನ್ನು ಕೇಳಿದರೆ ಹಿತಮಿತ ಅನ್ನುತ್ತಾರೆ. ಮಾತು ಕಡಿಮೆ, ಆದರೆ ಒಮ್ಮೆ ಹಚ್ಚಿಕೊಂಡರೆ ಕಷ್ಟಕ್ಕೆ ನಿಲ್ಲುತ್ತಾರೆ. 'ಕೇರ್‌ವೋಖೆ' ಅನ್ನುವ ಪದ ಮೊದಲ ದಿನವೇ ಕಲಿಯಿರಿ. ಅಂದರೆ ಗುಡಿಸುವ ವಾರ. ಮನೆಗಳಿಗೆ ಸರದಿ ಇರುತ್ತದೆ, ನಿಮ್ಮ ವಾರ ಬಂದರೆ ಮೆಟ್ಟಿಲು, ಮುಂದಿನ ದಾರಿ ಎಲ್ಲಾ ನೀವೇ ಗುಡಿಸಬೇಕು. ಬೋರ್ಡು ನಿಮ್ಮ ಬಾಗಿಲಿಗೆ ಬಂದು ನೇತಾಡುತ್ತದೆ. ನಾನು ಒಂದು ಸಲ ಮರೆತೆ. ಕೆಳಗಿನ ಮನೆಯ ಅಜ್ಜಿ ಬೈಯಲಿಲ್ಲ. ತಾವೇ ಗುಡಿಸಿ, ಪೊರಕೆಯನ್ನು ನನ್ನ ಬಾಗಿಲಿಗೆ ಒರಗಿಸಿ ಹೋಗಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಈ ಊರಿಗೆ ಹಟವೂ ಇದೆ. 2022ರ ಜನವರಿಯಿಂದ ಬಿಸಾಡುವ ಲೋಟ, ಡಬ್ಬಿಗೆ 50 ಸೆಂಟ್ ತೆರಿಗೆ ಹಾಕಿದರು, ಚಮಚಕ್ಕೆ 20. ಕೋರ್ಟಿಗೆ ಹೋಯಿತು. ಕೊನೆಗೆ 2025ರ ಜನವರಿಯಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಊರಿನದ್ದೇ ಸರಿ ಅಂದಿತು. ಹಾಗಾಗಿ ಕಾಫಿಗೆ ಸ್ವಂತ ಲೋಟ ಇಟ್ಟುಕೊಳ್ಳಿ.

ಜರ್ಮನ್ ಮಹಾಕವಿ ಗಯಟೆ ಇಲ್ಲಿದ್ದನಂತೆ?

1797ರಲ್ಲಿ ತನ್ನ ಪ್ರಕಾಶಕ ಕೊಟ್ಟಾನ ಮನೆಯಲ್ಲಿ ಕೆಲವು ದಿನ ಇದ್ದ. ಗೋಡೆಯ ಮೇಲೆ 'ಗಯಟೆ ಇಲ್ಲಿ ವಾಸವಿದ್ದ' ಅಂತ ಗೌರವದ ಫಲಕ ಇದೆ. ಪಕ್ಕದ ಮನೆ ವಿದ್ಯಾರ್ಥಿಗಳದ್ದು, ಅವರೂ ಒಂದು ಫಲಕ ಹಾಕಿದರು: 'ಗಯಟೆ ಇಲ್ಲಿ ವಾಂತಿ ಮಾಡಿದ'. ಎರಡೂ ಒಂದೇ ಫೋಟೋದಲ್ಲಿ ಹಿಡಿಯುತ್ತವೆ.

ಒಂದೇ ದಿನ ಇದ್ದರೆ ಏನು ನೋಡಲಿ?

ರೈಲ್ವೆ ಸ್ಟೇಷನ್‌ನಿಂದ ನಡೆದು ಬನ್ನಿ. ನೆಕ್ಕರ್ ಸೇತುವೆ, ಅಲ್ಲಿಂದ ದ್ವೀಪದ ಮರಗಳ ಸಾಲು, ಹಳದಿ ಗೋಪುರ. ಮೇಲೆ ಹತ್ತಿದರೆ ಚರ್ಚು, ಒಳಗೆ ಗಡ್ಡದ ಎಬರ್‌ಹಾರ್ಡ್‌ನ ಸಮಾಧಿ ಇದೆ. ಮಾರುಕಟ್ಟೆ ಚೌಕದಲ್ಲಿ 1435ರ ಪುರಭವನ, ಅದರ ಮೇಲೆ 1511ರಲ್ಲಿ ಸ್ಟೋಫ್ಲರ್ ಮಾಡಿದ ಖಗೋಳ ಗಡಿಯಾರ. ಅಲ್ಲಿಂದ ಕೋಟೆಗೆ ಕಡಿದಾದ ಏರು, ಐದು ಹತ್ತು ನಿಮಿಷ. ಕಲ್ಲು ಹಾಸಿನ ದಾರಿ, ಮಳೆ ಬಂದರೆ ಜಾರುತ್ತದೆ, ನುಣುಪು ತಳದ ಚಪ್ಪಲಿ ಬೇಡ. ಭಾನುವಾರ ಅಂಗಡಿ ಎಲ್ಲಾ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಕೋಟೆಯ ನೆಲಮಾಳಿಗೆಯ ದೊಡ್ಡ ಪೀಪಾಯಿ ತೋರಿಸುತ್ತಾರಾ?

16ನೇ ಶತಮಾನದ ಪೀಪಾಯಿ, 80 ಸಾವಿರ ಲೀಟರಿಗೂ ಹೆಚ್ಚು ವೈನ್ ಹಿಡಿಯುವಂಥದ್ದು. ಇದೇ ಉಲ್‌ರಿಖ್ ಡ್ಯೂಕನ ಕಾಲದ ಹುಚ್ಚು. ಬೇಕೆಂದಾಗ ಹೋಗಿ ನೋಡೋಕೆ ಆಗಲ್ಲ. ನೆಲಮಾಳಿಗೆಯಲ್ಲಿ ಈಗ ಬಾವಲಿಗಳು ಸಂಸಾರ ಹೂಡಿವೆ, ಅವುಗಳ ನಿದ್ದೆ ಕೆಡಿಸಬಾರದು ಅಂತ ಬಾಗಿಲು ಹಾಕಿರುತ್ತಾರೆ.